ನೀಲಿ ಗೆರೆಯ ಕಾವಲು: ಐಸ್ ಹಾಕಿಯಲ್ಲಿ ರಕ್ಷಣೆ ಎಲ್ಲಿಂದ ಶುರುವಾಗುತ್ತದೆ

ಕೊಡಗಿನಲ್ಲಿ ಹಾಕಿ ನೋಡುತ್ತ ಬೆಳೆದವರಿಗೆ ಒಂದು ತಂಡ ದಾಳಿಗೆ ಇಳಿದಿದೆಯೋ, ಕಾದು ಕೂತಿದೆಯೋ ಎಂದು ಹೇಳಲು ಹತ್ತು ನಿಮಿಷ ಸಾಕು. ಫುಲ್‌ಬ್ಯಾಕ್‌ಗಳು ಎಲ್ಲಿ ನಿಂತಿದ್ದಾರೆ, ಹಾಫ್‌ಗಳು ಚೆಂಡಿನ ಜೊತೆ ಎಷ್ಟು ದೂರ ಏರುತ್ತಾರೆ, ಮುಂದೆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಗೋಲಿನ ಮುಂದಿನ ಡಿ ಸುತ್ತ ಸೇರಿಕೊಂಡಿದ್ದಾರೆಯೇ ಎಂದು ನೋಡಿದರೆ ಲೆಕ್ಕ ಸಿಕ್ಕಿಬಿಡುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ, ಕೊಡವ ಹಾಕಿ ನಮ್ಮೆಯ ಗ್ಯಾಲರಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಕಣ್ಣಿನಿಂದ ಐಸ್ ಹಾಕಿ ನೋಡಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಗೋಲ್‌ಕೀಪರ್ ಬಿಟ್ಟು ಉಳಿದ ಐವರೂ ಒಟ್ಟಿಗೆ ಮುಂದೆ ಹೋಗುತ್ತಾರೆ, ಒಟ್ಟಿಗೆ ಹಿಂದೆ ಬರುತ್ತಾರೆ. ಬರೀ ಕಾಯುವ ತಂಡ ಎಂದು ಬೈಸಿಕೊಂಡವರು ತಮ್ಮ ಗೋಲಿನಿಂದ ಇಪ್ಪತ್ತು ಮೀಟರ್‌ಗೂ ಮುಂದೆ ನಿಂತಿರುತ್ತಾರೆ. ಮೈಮೇಲೆ ಬಿದ್ದು ಆಡುವವರು ಚೆಂಡಿನ ಬದಲು ಅಲ್ಲಿ ಬಳಸುವ ರಬ್ಬರ್ ಬಿಲ್ಲೆ, ಪಕ್ ಅನ್ನು ಬೇಕೆಂದೇ ಎದುರಾಳಿಯ ಮೂಲೆಗೆ ಎಸೆದು ಬಿಟ್ಟುಕೊಡುತ್ತಾರೆ. ಗೋಲು ಹೊಡೆದ ಸಂಖ್ಯೆ, ಬಿಟ್ಟ ಸಂಖ್ಯೆ ನೋಡಿ ಶೈಲಿ ತೀರ್ಮಾನಿಸಲು ಹೊರಟರೆ ಇನ್ನೂ ಗೊಂದಲ. ಪಕ್ ಕೈತಪ್ಪಿದ ಕ್ಷಣದಿಂದ ಅದನ್ನು ಎಲ್ಲಿ, ಎಷ್ಟು ಜನರನ್ನು ಪಣಕ್ಕಿಟ್ಟು ವಾಪಸ್ ಪಡೆಯಲು ನೋಡುತ್ತಾರೆ ಎಂಬುದರಲ್ಲೇ ಆ ತಂಡದ ಶೈಲಿ ಇರುತ್ತದೆ ಎಂಬುದು ನನ್ನ ನಂಬಿಕೆ. ದಾಳಿ, ರಕ್ಷಣೆ ಎಂಬ ಎರಡು ಹೆಸರುಗಳು ಅದರ ನಂತರದ ಮಾತು.

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಋತು ಅಕ್ಟೋಬರಿನಲ್ಲಿ ಶುರುವಾಗಿ ಜೂನಿನ ಸ್ಟ್ಯಾನ್ಲಿ ಕಪ್ ಫೈನಲ್‌ವರೆಗೆ ನಡೆಯುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ರಾತ್ರಿ 8 ಗಂಟೆ ಎಂದರೆ ನಮ್ಮಲ್ಲಿ ಬೆಳಗಿನ ಜಾವ 5.30. ಮಳೆ ಹಿಡಿದು ಮೈದಾನಗಳೆಲ್ಲ ಕೆಸರಾಗಿ, ಇಲ್ಲಿನ ಸ್ಟಿಕ್‌ಗಳು ಮೂಲೆ ಸೇರುವ ಹೊತ್ತಿಗೆ ಅಲ್ಲಿ ಅತ್ಯುತ್ತಮ ಹಾಕಿ ನಡೆಯುತ್ತಿರುತ್ತದೆ. ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮೊದಲು ಜಾಗದ ಲೆಕ್ಕ. ನಮ್ಮ ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. 22 ಆಟಗಾರರಿಗೆ ಹಂಚಿದರೆ ತಲೆಗೆ ಸುಮಾರು 228 ಚದರ ಮೀಟರ್. ಎನ್‌ಎಚ್‌ಎಲ್ ಅಂಗಣ 200 ಅಡಿ ಉದ್ದ, 85 ಅಡಿ ಅಗಲ. ಗೋಲ್‌ಕೀಪರ್‌ಗಳೂ ಸೇರಿ 12 ಮಂದಿಗೆ ಹಂಚಿದರೆ ತಲೆಗೆ 132 ಚದರ ಮೀಟರ್ ಆಗುತ್ತದೆ. ಜಾಗ ಅರ್ಧಕ್ಕೆ ಹತ್ತಿರ ಇಳಿಯಿತು, ವೇಗ ಮಾತ್ರ ಎಷ್ಟೋ ಪಾಲು ಹೆಚ್ಚು. ಸುತ್ತಲೂ ಗೋಡೆ ಇರುವುದರಿಂದ ಪಕ್ ಹೊರಗೆ ಹೋಗಿ ಆಟ ನಿಲ್ಲುವುದು ಅಪರೂಪ. ಗೋಲಿನ ಹಿಂದೆಯೂ 11 ಅಡಿ ಆಡುವ ಜಾಗವಿದೆ. ಪಕ್ ಹಿಡಿದವನಿಗೆ ಮೈಯಿಂದ ಡಿಕ್ಕಿ ಹೊಡೆಯುವುದು ಅಲ್ಲಿ ನಿಯಮದೊಳಗಿನ ಮಾತು. ಹಿಡಿದು ಎಳೆಯುವುದು, ಸ್ಟಿಕ್ಕಿನಿಂದ ಕೊಕ್ಕೆ ಹಾಕುವುದು ತಪ್ಪು. ತಪ್ಪಿಗೆ 2 ನಿಮಿಷ ಹೊರಗೆ ಕೂರಬೇಕು.

ಇವೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಆಫ್‌ಸೈಡ್. ನಮ್ಮ ಹಾಕಿಯಿಂದ ಅದು 1990ರ ದಶಕದ ಕೊನೆಯಲ್ಲಿ ಹೊರಟುಹೋಯಿತು. ಫಾರ್ವರ್ಡ್ ಒಬ್ಬ ಎದುರಾಳಿ ಗೋಲ್‌ಕೀಪರ್ ಪಕ್ಕದಲ್ಲೇ ನಿಂತರೂ ಈಗ ಕೇಳುವವರಿಲ್ಲ. ಹಾಗಾಗಿ ಬ್ಯಾಕ್‌ಗಳು ಅವನ ಜೊತೆ ಹಿಂದಕ್ಕೆ ಹೋಗಲೇಬೇಕು. ಐಸ್ ಹಾಕಿಯಲ್ಲಿ ಎರಡು ನೀಲಿ ಗೆರೆಗಳು ಅಂಗಣವನ್ನು ಮೂರು ವಲಯಗಳಾಗಿ ಸೀಳುತ್ತವೆ, ಮತ್ತು ಎದುರಾಳಿಯ ನೀಲಿ ಗೆರೆಯನ್ನು ಪಕ್ ದಾಟುವ ಮೊದಲು ದಾಳಿಕೋರರು ಯಾರೂ ದಾಟುವಂತಿಲ್ಲ. ಈ ಒಂದು ನಿಯಮದಿಂದಾಗಿ ಡಿಫೆಂಡರ್‌ಗೆ ಗೋಲಿನಿಂದ 64 ಅಡಿ ಮುಂದೆ ಒಂದು ಗಡಿ ಸಿಕ್ಕಿತು. ಬೆನ್ನ ಹಿಂದೆ ಯಾರೋ ನುಸುಳಿ ಕೂತಿದ್ದಾರೆಂಬ ಭಯವಿಲ್ಲದೆ ಅವನು ಆ ಗಡಿಯಲ್ಲಿ ನಿಂತು ಹೋರಾಡಬಹುದು. ಎರಡು ನೀಲಿ ಗೆರೆಗಳ ನಡುವಿನ 50 ಅಡಿ ಪಟ್ಟಿಯಲ್ಲೇ, ಅಂದರೆ ನಡುವಲಯದಲ್ಲೇ, ಅರ್ಧ ಆಟ ತೀರ್ಮಾನವಾಗುತ್ತದೆ.

ಆ ಪಟ್ಟಿಯ ಬಗ್ಗೆ ಅತಿ ಹೆಚ್ಚು ಜಗಳ ಹುಟ್ಟಿಸಿದ್ದು ನ್ಯೂಜೆರ್ಸಿ ಡೆವಿಲ್ಸ್ ತಂಡ. 1993ರಲ್ಲಿ ಕೋಚ್ ಆಗಿ ಬಂದ ಜಾಕ್ ಲಮೇರ್, ಆಟಗಾರನಾಗಿದ್ದಾಗ ಮಾಂಟ್ರಿಯಲ್‌ನ ದಾಳಿಯ ತಂಡದಲ್ಲಿ ಕಪ್‌ಗಳನ್ನು ಗೆದ್ದವರು. ಅವರು ಡೆವಿಲ್ಸ್‌ಗೆ ಕಲಿಸಿದ್ದು ನಡುವಲಯದ ಟ್ರ್ಯಾಪ್, ಅಂದರೆ ಬಲೆ: ಮುಂದೆ ಒಬ್ಬ, ನಡುವೆ ಇಬ್ಬರು, ಹಿಂದೆ ಇಬ್ಬರು ನಿಲ್ಲುವ 1-2-2 ವ್ಯೂಹ. ಹೆಸರು ಕೇಳಿದವರು ಬಹಳ, ಒಳಗಿನ ಕೆಲಸ ನೋಡಿದವರು ಕಡಿಮೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಎದುರಾಳಿಯ ಡಿಫೆಂಡರ್ ತನ್ನ ಗೋಲಿನ ಹಿಂದೆ ಪಕ್ ಹಿಡಿದು ನಿಂತಿದ್ದಾನೆ ಎನ್ನಿ. ಟ್ರ್ಯಾಪ್ ಆಡುವ ತಂಡದ ಮೊದಲ ಫಾರ್ವರ್ಡ್ ಅವನ ಮೇಲೆ ನೇರ ನುಗ್ಗುವುದಿಲ್ಲ. ಸ್ವಲ್ಪ ದೂರದಲ್ಲೇ ಕಾದು, ಅವನು ಹೊರಟ ಕೂಡಲೇ ಓರೆಯಾಗಿ ಬಂದು, ನಡುವಿನ ದಾರಿಯನ್ನು ಮೈಯಿಂದಲೂ ಸ್ಟಿಕ್ಕಿನಿಂದಲೂ ಮುಚ್ಚುತ್ತಾನೆ. ಕಾಫಿ ತೋಟಕ್ಕೆ ನುಗ್ಗಿದ ದನವನ್ನು ಹೊರಗಟ್ಟುವವರು ಅದರ ಮುಖಕ್ಕೆ ಓಡುವುದಿಲ್ಲ; ಬೇಡವಾದ ಕಡೆ ತಾವು ನಿಂತು, ಬೇಕಾದ ಕಡೆಗೆ ಅದನ್ನೇ ತಿರುಗುವಂತೆ ಮಾಡುತ್ತಾರೆ. ಇಲ್ಲೂ ಅದೇ. ಪಕ್ ಹಿಡಿದವನಿಗೆ ಉಳಿಯುವುದು ಒಂದು ಪಕ್ಕದ ಗೋಡೆಯ ದಾರಿ ಮಾತ್ರ.

ಆ ಪಕ್ಕದ ವಿಂಗರ್, ಅಂದರೆ ಬದಿಯ ಫಾರ್ವರ್ಡ್, ನಡುವಲಯದಲ್ಲಿ ಗೋಡೆಗೆ ಹತ್ತಿರ, ಪಾಸ್ ಪಡೆಯಬೇಕಾದವನನ್ನು ಕಣ್ಣೆದುರಿಗೇ ಇಟ್ಟುಕೊಂಡು ಕಾಯುತ್ತಿರುತ್ತಾನೆ. ಇನ್ನೊಂದು ಪಕ್ಕದ ವಿಂಗರ್ ತನ್ನ ಗೋಡೆಯನ್ನು ಬಿಟ್ಟು ನಡುವಿಗೆ ಸರಿದು ಅಡ್ಡ ಪಾಸನ್ನು ಕಡಿಯುತ್ತಾನೆ. ಪಕ್ ಬರುವ ಕಡೆಯ ಡಿಫೆಂಡರ್ ನೀಲಿ ಗೆರೆ ಬಿಟ್ಟು ಮುಂದಕ್ಕೆ ಬಂದು ನಿಲ್ಲುತ್ತಾನೆ, ಅವನ ಜೊತೆಗಾರ ಅವನ ಹಿಂದೆ ನಡುವನ್ನು ನೋಡಿಕೊಳ್ಳುತ್ತಾನೆ. ಗೋಡೆಯೇ ಇಲ್ಲಿ ಆರನೆಯ ಆಟಗಾರ.

ಪಕ್ ಹಿಡಿದವನ ಕಷ್ಟ ನೋಡಿ. ನಡುವಿನ ಕೆಂಪು ಗೆರೆ ಮುಟ್ಟುವ ಮೊದಲೇ ಮುಂದಕ್ಕೆ ಬಾರಿಸಿ ಅದು ಎದುರಾಳಿಯ ಗೋಲುಗೆರೆ ದಾಟಿದರೆ ಐಸಿಂಗ್. ಇಬ್ಬರ ನಡುವೆ ಪಕ್ ಹಾಕಿ ಆಟ ಮತ್ತೆ ಶುರುಮಾಡುವ ಫೇಸ್‌ಆಫ್ ವಾಪಸ್ ಅವನ ಗೋಲಿನ ಮುಂದೆಯೇ. ಟ್ರ್ಯಾಪಿನ ಜಾಣತನ ಇರುವುದು ಇಲ್ಲೇ. ಅವನನ್ನು ಕೆಂಪು ಗೆರೆಗೆ ಎರಡು ಹೆಜ್ಜೆ ಹಿಂದೆ ತಡೆದರೆ ಎಸೆಯುವಂತಿಲ್ಲ, ಪಾಸ್ ಕೊಡಲು ಯಾರೂ ಇಲ್ಲ, ನಿಂತರೆ ಹಿಂದಿನಿಂದ ಮೊದಲ ಫಾರ್ವರ್ಡ್ ಬಂದು ಬೀಳುತ್ತಾನೆ. ಆ ಕಾಲದಲ್ಲಿ ಸ್ವಂತ ವಲಯದಿಂದ ಹೊರಟ ಪಾಸ್ ಕೆಂಪು ಗೆರೆಯನ್ನು ದಾಟಿ ಹೋಗುವಂತೆಯೂ ಇರಲಿಲ್ಲ. ಹಾಗಾಗಿ ಟ್ರ್ಯಾಪ್ ಹಾಕಿದವರು ಕಾಯಬೇಕಾದ ಜಾಗ ಇನ್ನೂ ಕಿರಿದಾಗಿತ್ತು.

ಇಷ್ಟು ಅಚ್ಚುಕಟ್ಟಾದದ್ದು ಕೆಡುವುದು ಸಣ್ಣ ತಪ್ಪುಗಳಿಂದ. ಮೊದಲ ಫಾರ್ವರ್ಡ್ ಆಸೆ ತಡೆಯಲಾರದೆ ಗೋಲಿನ ಹಿಂದಕ್ಕೇ ಬೆನ್ನಟ್ಟಿದರೆ ಒಂದು ಪಾಸ್‌ಗೆ ಅವನು ಆಟದಿಂದ ಹೊರಗೆ. ಉಳಿದ ನಾಲ್ವರ ಮೇಲೆ ಐವರು ವೇಗ ಹಿಡಿದು ಬರುತ್ತಾರೆ. ಆಚೆ ಪಕ್ಕದ ವಿಂಗರ್ ತನ್ನ ಎದುರಾಳಿಯ ಹಿಂದೆ ಗೋಡೆಗೆ ಅಂಟಿಕೊಂಡರೆ ನಡು ಬಾಯಿಬಿಡುತ್ತದೆ. ನನ್ನ ಲೆಕ್ಕದಲ್ಲಿ ಅತಿ ದುಬಾರಿ ತಪ್ಪು ಮೂರನೆಯದು: ಡಿಫೆಂಡರ್‌ಗಳು ಹೆದರಿ ಬೇಗ ಹಿಂದೆ ಸರಿಯುವುದು. ಆಗ ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ನಡುವೆ ಹತ್ತು ಮೀಟರ್ ಖಾಲಿ ಬೀಳುತ್ತದೆ. ಎದುರಾಳಿಯ ಸೆಂಟರ್ (ನಡುವಿನ ಫಾರ್ವರ್ಡ್) ಅದೇ ಖಾಲಿಯಲ್ಲಿ ತಿರುಗಿ, ನೀಲಿ ಗೆರೆಯನ್ನು ಪೂರ್ತಿ ವೇಗದಲ್ಲಿ ದಾಟುತ್ತಾನೆ. ಬಲೆಯಲ್ಲಿ ಐದು ಜನ ಇದ್ದಾರೆ ಎಂಬುದು ಮುಖ್ಯವಲ್ಲ, ಸಾಲುಗಳ ನಡುವಿನ ಅಂತರ ಮುಖ್ಯ.

ಮುರಿಯುವ ದಾರಿಗಳೂ ಇವೆ. ಪಕ್ ಅನ್ನು ಡಿಫೆಂಡರ್‌ನಿಂದ ಡಿಫೆಂಡರ್‌ಗೆ ಚುರುಕಾಗಿ ದಾಟಿಸಿದರೆ ವ್ಯೂಹ ಪಕ್ಕಕ್ಕೆ ಸರಿಯುವುದರೊಳಗೆ ಆಚೆ ಬದಿ ತೆರೆದಿರುತ್ತದೆ. ಸೆಂಟರ್ ನಿಂತು ಕಾಯದೆ ಸ್ವಂತ ಗೋಲಿನ ತನಕ ಇಳಿದು, ಅಲ್ಲಿಂದ ವೇಗ ಕಟ್ಟಿಕೊಂಡು ಬರಬೇಕು. ದೂರದ ನೀಲಿ ಗೆರೆಯ ಬಳಿ ನಿಂತ ವಿಂಗರ್‌ಗೆ ಗಟ್ಟಿ ಪಾಸ್ ಬಾರಿಸಿ, ಅವನು ಅದನ್ನು ಸ್ಟಿಕ್ಕಿನ ತುದಿಯಿಂದ ಸವರಿ ಒಳಕ್ಕೆ ಜಾರಿಸಿದರೆ ಐಸಿಂಗ್ ಬರುವುದಿಲ್ಲ. ಇವತ್ತಿನ ಪಂದ್ಯಗಳಲ್ಲಿ ದಿನಾ ಕಾಣುವ ಆಟ ಇದು.

ಈಗ ಡೆವಿಲ್ಸ್ ಬಗ್ಗೆ ಜನ ಮರೆಯುವ ಒಂದು ಸಂಗತಿ. ಲಮೇರ್ ಅವರ ಮೊದಲ ಋತು, 1993-94ರಲ್ಲಿ, ಈ ತಂಡ 306 ಗೋಲು ಹೊಡೆಯಿತು. ಅದಕ್ಕಿಂತ ಹೆಚ್ಚು ಹೊಡೆದದ್ದು ಡೆಟ್ರಾಯ್ಟ್ ರೆಡ್ ವಿಂಗ್ಸ್ ಮಾತ್ರ. ಮರುವರ್ಷ ಮಾಲೀಕರ ಲಾಕ್‌ಔಟ್‌ನಿಂದ 48 ಪಂದ್ಯಕ್ಕೆ ಇಳಿದ ಋತುವಿನ ಕೊನೆಗೆ ಅದೇ ಡೆಟ್ರಾಯ್ಟನ್ನು ಫೈನಲ್‌ನಲ್ಲಿ 4-0 ಅಂತರದಿಂದ ಮಣಿಸಿದರು. ಆ ನಾಲ್ಕು ಪಂದ್ಯಗಳಲ್ಲಿ ಡೆಟ್ರಾಯ್ಟ್‌ಗೆ ಸಿಕ್ಕಿದ್ದು ಒಟ್ಟು 7 ಗೋಲು. ಡೆವಿಲ್ಸ್ ಹೊಡೆದದ್ದು 16. ನೀಲಿ ಗೆರೆಯ ಬಳಿ ಸ್ಕಾಟ್ ಸ್ಟೀವನ್ಸ್ ಡಿಕ್ಕಿಗೆ ಕಾದಿರುತ್ತಿದ್ದರು, ಸ್ಕಾಟ್ ನೀಡರ್‌ಮಯರ್ ಕಿತ್ತುಕೊಂಡ ಪಕ್ ಜೊತೆ ಹಾರುತ್ತಿದ್ದರು, ಹಿಂದೆ ಗೋಲಿನಲ್ಲಿ ಮಾರ್ಟಿನ್ ಬ್ರೊಡರ್. ಎದುರಾಳಿಯ ಐವರೂ ಮುಂದಕ್ಕೆ ಮುಖ ಮಾಡಿ ಬರುತ್ತಿರುವಾಗ ನಡುವಲಯದಲ್ಲಿ ಪಕ್ ಕಿತ್ತುಕೊಂಡರೆ ಗೋಲಿನ ತನಕ ದಾರಿ ಖಾಲಿ. ಟ್ರ್ಯಾಪ್ ಎಂದರೆ ಗೋಲು ಉಳಿಸುವ ಉಪಾಯ ಎನ್ನುವವರು ಅದರ ಅರ್ಧ ಕೆಲಸವನ್ನಷ್ಟೇ ನೋಡಿದ್ದಾರೆ.

ಹಾಗಂತ ಅದರಿಂದ ಆಟಕ್ಕೆ ಹಾನಿಯಾಗಲಿಲ್ಲ ಎಂದು ವಾದಿಸಲಾರೆ. ಡೆವಿಲ್ಸ್‌ನಲ್ಲಿದ್ದ ಪ್ರತಿಭೆ ಇಲ್ಲದ ತಂಡಗಳು ಬಲೆಯನ್ನು ಮಾತ್ರ ಎರವಲು ತಂದವು, ಪ್ರತಿದಾಳಿಯನ್ನು ಬಿಟ್ಟವು. ಕೊಕ್ಕೆ ಹಾಕುವುದು, ತೋಳು ಹಿಡಿಯುವುದು, ಪಕ್ ಇಲ್ಲದವನಿಗೆ ಅಡ್ಡ ನಿಲ್ಲುವುದು, ಎಲ್ಲವನ್ನೂ ರೆಫ್ರಿಗಳು ನೋಡಿಯೂ ನೋಡದಂತೆ ಬಿಟ್ಟರು. 1980ರ ದಶಕದ ಆರಂಭದಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ 8ರ ಹತ್ತಿರ ಇದ್ದ ಗೋಲುಗಳು 2003-04ರ ಹೊತ್ತಿಗೆ 5ರ ಸುಮಾರಿಗೆ ಬಂದು ನಿಂತವು. ಗೋಲ್‌ಕೀಪರ್‌ಗಳ ತರಬೇತಿ ಸುಧಾರಿಸಿ, ಅವರ ಪ್ಯಾಡ್‌ಗಳು ದೊಡ್ಡದಾದದ್ದೂ ಈ ಇಳಿತಕ್ಕೆ ಕಾರಣ.

ಬಲೆಯ ಇನ್ನೊಂದು ರೂಪ 1-3-1. ನಡುವಲಯದಲ್ಲಿ ಮೂವರು ಅಡ್ಡಸಾಲಾಗಿ ನಿಲ್ಲುತ್ತಾರೆ, ಹಿಂದೆ ಒಬ್ಬನೇ ಡಿಫೆಂಡರ್. ನಡು ಸಂಪೂರ್ಣ ಬಂದ್, ಆದರೆ ಎರಡು ಹಿಂಬದಿ ಮೂಲೆಗಳಿಗೂ ಒಬ್ಬನೇ ಓಡಬೇಕು. 2011ರ ನವೆಂಬರ್ 9ರಂದು ಇದನ್ನು ಆಡುತ್ತಿದ್ದ ಟ್ಯಾಂಪಾ ಬೇ ವಿರುದ್ಧ ಫಿಲಡೆಲ್ಫಿಯಾ ಫ್ಲೈಯರ್ಸ್ ಒಂದು ವಿಚಿತ್ರ ಪ್ರತಿಭಟನೆ ಮಾಡಿತು. ಡಿಫೆಂಡರ್ ತನ್ನ ವಲಯದಲ್ಲಿ ಪಕ್ ಹಿಡಿದು ಸುಮ್ಮನೆ ನಿಂತ. ಟ್ಯಾಂಪಾದವರು ಬರಲಿಲ್ಲ, ಇವರು ಹೊರಡಲಿಲ್ಲ. ಕೊನೆಗೆ ರೆಫ್ರಿ ಸೀಟಿ ಊದಿ ಆಟ ನಿಲ್ಲಿಸಿದರು. ಹೆಚ್ಚುವರಿ ಸಮಯದಲ್ಲಿ ಗೆದ್ದದ್ದು ಟ್ಯಾಂಪಾ, 2-1. ಫ್ಲೈಯರ್ಸ್ ಮೇಲೆ ಸಿಟ್ಟಾದವರಿಗಿಂತ ಟ್ಯಾಂಪಾ ಮೇಲೆ ಸಿಟ್ಟಾದವರೇ ಹೆಚ್ಚು. ನನಗೆ ಮಾತ್ರ ಪಕ್ ಇದ್ದವರ ಮೇಲೆಯೇ ಆಡುವ ಹೊಣೆ ಇತ್ತು ಅನ್ನಿಸುತ್ತದೆ.

ಇನ್ನು ದಾಳಿಯ ಕಡೆಗೆ. ಎಡ್ಮಂಟನ್ ಆಯ್ಲರ್ಸ್ 1983-84ರಲ್ಲಿ 80 ಪಂದ್ಯಗಳಲ್ಲಿ 446 ಗೋಲು ಹೊಡೆಯಿತು. ಆ ದಾಖಲೆಯನ್ನು ಯಾರೂ ಮುರಿದಿಲ್ಲ. ಬಿಟ್ಟದ್ದೂ ಕಡಿಮೆಯಲ್ಲ, 314. ಪಂದ್ಯಕ್ಕೆ ನಾಲ್ಕರ ಹತ್ತಿರ. ಆದರೂ ಅದೇ ವರ್ಷ ಕಪ್ ಗೆದ್ದರು. ಐದೂವರೆ ಹೊಡೆದು ನಾಲ್ಕು ಬಿಡುವುದಕ್ಕೆ ಅವರು ಮೊದಲೇ ಒಪ್ಪಿಕೊಂಡಿದ್ದರು ಎಂದರೂ ಸರಿಯೇ. ಗೋಲಿನಲ್ಲಿ ನಿಂತ ಗ್ರಾಂಟ್ ಫ್ಯೂರ್ ಅವರ ಅಂಕಿಅಂಶ ಕಾಗದದ ಮೇಲೆ ಸಪ್ಪೆ ಕಾಣುತ್ತದೆ, ಏಕೆಂದರೆ ಇಬ್ಬರ ವಿರುದ್ಧ ಒಬ್ಬ, ಮೂವರ ವಿರುದ್ಧ ಇಬ್ಬರು ಎಂಬ ಪರಿಸ್ಥಿತಿಗಳನ್ನು ಅವರು ಪ್ರತಿ ರಾತ್ರಿ ಒಬ್ಬರೇ ಎದುರಿಸುತ್ತಿದ್ದರು. ಆಯ್ಲರ್ಸ್‌ನ ದಾಳಿಗೆ ಬೆಲೆ ತೆತ್ತವರು ಅವರೇ.

ಅದೇ ಆಯ್ಲರ್ಸ್‌ನ ವೇನ್ ಗ್ರೆಟ್ಸ್‌ಕಿಯನ್ನು ವೇಗದ ಆಟಗಾರ ಎಂದುಕೊಂಡವರು ಅವರ ಒಂದು ಅಭ್ಯಾಸವನ್ನು ಗಮನಿಸಬೇಕು. ನೀಲಿ ಗೆರೆ ದಾಟಿ ಗೋಡೆಯ ಬದಿಗೆ ಸಾಗಿ, ಅಲ್ಲೇ ದಿಢೀರನೆ ಹಿಂದಕ್ಕೆ ತಿರುಗಿ ನಿಂತುಬಿಡುತ್ತಿದ್ದರು. ಹಿಂದೆ ಸರಿಯುತ್ತಿದ್ದ ಡಿಫೆಂಡರ್ ತನ್ನ ಓಟದಿಂದಲೇ ಇನ್ನೂ ಹಿಂದಕ್ಕೆ ಜಾರಿ ಹೋಗುತ್ತಿದ್ದ. ತೆರೆದ ಆ ಜಾಗಕ್ಕೆ ಎರಡನೆಯ ಅಲೆಯಲ್ಲಿ ಡಿಫೆಂಡರ್ ಪಾಲ್ ಕಾಫಿ ನುಗ್ಗುತ್ತಿದ್ದರು. ಕಾಫಿ 1985-86ರಲ್ಲಿ 48 ಗೋಲು ಹೊಡೆದರು, ಅದೂ ಡಿಫೆಂಡರ್ ಆಗಿ. ಎದುರಾಳಿ ಗೋಲಿನ ಹಿಂದೆ ನಿಂತು ಆಡುವುದು ಗ್ರೆಟ್ಸ್‌ಕಿಯ ಇನ್ನೊಂದು ಬಿನ್ನಾಣ. ಅಲ್ಲಿ ಪಕ್ ಇದ್ದರೆ ಗೋಲ್‌ಕೀಪರ್ ಮತ್ತು ಡಿಫೆಂಡರ್‌ಗಳು ಬೆನ್ನು ತಿರುಗಿಸಿ ನೋಡಬೇಕು. ಮುಂದೆ ಯಾರು ಬರುತ್ತಿದ್ದಾರೆ ಎಂದು ಕಾಣುವುದಿಲ್ಲ. ನಮ್ಮ ಹಾಕಿಯಲ್ಲಿ ಇಂಥ ಜಾಗವೇ ಇಲ್ಲ.

ಸೋವಿಯತ್ ಶಾಲೆಯ ದಾಳಿ ಬೇರೆಯೇ ಧಾಟಿಯದು. ಅನಾತೊಲಿ ತಾರಾಸೊವ್ ಕಟ್ಟಿದ ಆ ಪದ್ಧತಿಯಲ್ಲಿ ಐವರು ಒಂದು ಘಟಕ, ಒಟ್ಟಿಗೇ ಅಭ್ಯಾಸ, ಒಟ್ಟಿಗೇ ಬದಲಿ. ದಾರಿ ಮುಚ್ಚಿದ್ದರೆ ಪಕ್ ಎಸೆಯುವುದಿಲ್ಲ; ಹಿಂದಕ್ಕೆ ತಿರುಗಿ, ನಡುವಲಯದಲ್ಲಿ ಮತ್ತೆ ಜೋಡಿಸಿಕೊಂಡು, ಹೊಸ ಕೋನದಿಂದ ಬರುತ್ತಾರೆ. 1972ರ ಎಂಟು ಪಂದ್ಯಗಳ ಸರಣಿಯ ಮೊದಲ ದಿನ ಮಾಂಟ್ರಿಯಲ್‌ನಲ್ಲಿ ಕೆನಡಾವನ್ನು 7-3ರಿಂದ ಸೋಲಿಸಿದಾಗ ಉತ್ತರ ಅಮೆರಿಕ ಬೆಚ್ಚಿಬಿತ್ತು. ಸರಣಿ ಕೊನೆಗೆ ಕೆನಡಾದ್ದೇ ಆಯಿತು, ಆದರೆ ಹಿಂದಕ್ಕೆ ಆಡುವುದೂ ದಾಳಿಯ ಭಾಗ ಎಂಬ ಪಾಠ ಅಲ್ಲಿ ಉಳಿಯಿತು.

ಆ ಪಾಠವನ್ನು ಎನ್‌ಎಚ್‌ಎಲ್‌ನಲ್ಲಿ ನೇರ ಬಳಸಿದವರು ಡೆಟ್ರಾಯ್ಟ್‌ನ ಕೋಚ್ ಸ್ಕಾಟಿ ಬೌಮನ್. 1995ರಲ್ಲಿ ಫೆಡೊರೊವ್, ಲರಿಯೊನೊವ್, ಕೊಜ್ಲೊವ್, ಫೆತಿಸೊವ್, ಕಾನ್‌ಸ್ಟಾಂಟಿನೊವ್ ಎಂಬ ಐವರು ರಷ್ಯನ್ನರನ್ನು ಒಟ್ಟಿಗೇ ಇಳಿಸಿದರು. ಆ ಋತುವಿನಲ್ಲಿ ತಂಡ 62 ಪಂದ್ಯ ಗೆದ್ದಿತು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ, ಏಕೆಂದರೆ ಅದೇ ಬೌಮನ್, ಅದೇ ತಂಡ, ಅದೇ ವರ್ಷಗಳಲ್ಲಿ ಲೆಫ್ಟ್ ವಿಂಗ್ ಲಾಕ್ ಎಂಬ ಕಟ್ಟುನಿಟ್ಟಿನ ರಕ್ಷಣೆಯನ್ನೂ ಆಡುತ್ತಿತ್ತು. ಪಕ್ ಕೈತಪ್ಪಿದ ಕೂಡಲೇ ಎಡ ವಿಂಗರ್ ಹಿಂದೆ ಬಂದು ಇಬ್ಬರು ಡಿಫೆಂಡರ್‌ಗಳ ಸಾಲಿಗೆ ಸೇರುತ್ತಾನೆ. ಮೂವರ ಸಾಲು ಅಂಗಣದ ಅಗಲವನ್ನು ಹಂಚಿಕೊಳ್ಳುತ್ತದೆ, ಮುಂದಿನ ಇಬ್ಬರು ಧೈರ್ಯವಾಗಿ ಬೆನ್ನಟ್ಟುತ್ತಾರೆ. ಹಿಂದೆ ಮೂವರಿದ್ದಾರೆಂಬ ಭರವಸೆ ಇದ್ದದ್ದರಿಂದಲೇ ಮುಂದಿನವರಿಗೆ ಆ ಸ್ವಾತಂತ್ರ್ಯ. 1997, 1998ರ ಎರಡೂ ಕಪ್ ಡೆಟ್ರಾಯ್ಟ್‌ಗೆ ಬಂದವು, ಎರಡೂ ಫೈನಲ್ 4-0.

ಇನ್ನು ಸ್ವೀಡನ್ನಿನ ಟಾರ್ಪೆಡೊ ಶೈಲಿ. ಇಬ್ಬರನ್ನು ಸದಾ ಮುಂದೆ ಎತ್ತರದಲ್ಲಿ ಬಿಟ್ಟು, ಉದ್ದ ಪಾಸ್‌ಗಳಿಂದ ಎದುರಾಳಿಯನ್ನು ಉದ್ದುದ್ದ ಎಳೆದು ಹರಿದುಹಾಕುವ ಆಟ. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನಲ್ಲಿ ಹಾರ್ಡಿ ನಿಲ್ಸನ್ ಅವರ ತಂಡ ಕೆನಡಾವನ್ನೇ 5-2ರಿಂದ ಬಗ್ಗುಬಡಿಯಿತು. ಕ್ವಾರ್ಟರ್‌ಫೈನಲ್‌ನಲ್ಲಿ ಬೆಲಾರೂಸ್ ಎದುರು 4-3ರಿಂದ ಸೋತಿತು. ಕೊನೆಯ ಗೋಲು ದೂರದಿಂದ ಬಂದ ಹೊಡೆತ, ಗೋಲ್‌ಕೀಪರ್ ತಲೆಗೆ ಬಡಿದು ಹಿಂದೆ ಉರುಳಿ ಒಳಗೆ ಹೋಯಿತು. ಒಂದು ಪಂದ್ಯದ ಆಧಾರದ ಮೇಲೆ ಆ ಶೈಲಿಯನ್ನೇ ಹೂತುಹಾಕಿದ್ದು ಅನ್ಯಾಯ. ಇವತ್ತಿನ ಉದ್ದ ಪಾಸ್‌ಗಳಲ್ಲಿ ಅದರ ನೆರಳು ಸ್ಪಷ್ಟವಾಗಿದೆ.

ಉದ್ದ ಪಾಸ್‌ಗೆ ಎನ್‌ಎಚ್‌ಎಲ್ ಬಾಗಿಲು ತೆರೆದದ್ದು 2005-06ರಲ್ಲಿ. ಇಡೀ ಋತುವನ್ನೇ ನುಂಗಿದ ಲಾಕ್‌ಔಟ್ ಮುಗಿದ ಮೇಲೆ ನಿಯಮ ಪುಸ್ತಕ ಬದಲಾಯಿತು. ಎರಡು ಗೆರೆ ದಾಟುವ ಪಾಸ್ ಮೇಲಿನ ನಿಷೇಧ ಹೋಯಿತು. ಐಸಿಂಗ್ ಮಾಡಿದ ತಂಡ ಸುಸ್ತಾದವರನ್ನು ಬದಲಿಸುವಂತಿಲ್ಲ ಎಂದಾಯಿತು. ಗೋಲ್‌ಕೀಪರ್ ಗೋಲಿನ ಹಿಂದೆ ಪಕ್ ಮುಟ್ಟಬಹುದಾದ ಜಾಗಕ್ಕೆ ಗಡಿ ಬಂತು, ಕಾಲಿನ ಪ್ಯಾಡ್ 12 ಇಂಚಿನಿಂದ 11ಕ್ಕೆ ಇಳಿಯಿತು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹಳೆಯ ನಿಯಮವನ್ನೇ ಗಟ್ಟಿಯಾಗಿ ಜಾರಿ ಮಾಡಿದ್ದು: ಕೊಕ್ಕೆ ಹಾಕಿದರೆ, ಹಿಡಿದರೆ ಹೊರಗೆ. ಮೊದಲ ವರ್ಷವೇ ಪಂದ್ಯಕ್ಕೆ ಒಂದು ಗೋಲಿನಷ್ಟು ಏರಿಕೆ. ಉದ್ದ ಪಾಸ್‌ನ ಭಯದಿಂದ ಡಿಫೆಂಡರ್‌ಗಳು ಸ್ವಲ್ಪ ಹಿಂದೆ ನಿಲ್ಲಬೇಕಾಗಿ ಬಂದು, ಟ್ರ್ಯಾಪಿನ ಸಾಲುಗಳ ನಡುವೆ ನಿಯಮವೇ ಅಂತರ ತಂದಿಟ್ಟಿತು.

ಹಾಗಾಗಿ ಇವತ್ತಿನ ರಕ್ಷಣೆಯೆಲ್ಲ ಒಬ್ಬೊಬ್ಬ ಡಿಫೆಂಡರ್ ಅಂತರ ಕಾಯುವುದರ ಮೇಲೆ ನಿಂತಿದೆ. ಅಳತೆ ಇದು: ದಾಳಿಕೋರ ನೀಲಿ ಗೆರೆಗೆ ಬರುವಾಗ ಅವನಿಗೂ ಡಿಫೆಂಡರ್‌ಗೂ ನಡುವೆ ಒಂದು ಚಾಚಿದ ತೋಳು ಮತ್ತು ಸ್ಟಿಕ್ಕಿನಷ್ಟು, ಅಂದರೆ ಸುಮಾರು ಎರಡು ಮೀಟರ್. ಹೆಚ್ಚಾದರೆ ಅವನು ಆರಾಮವಾಗಿ ಒಳಬಂದು ಡಿಫೆಂಡರ್‌ನನ್ನೇ ಮರೆಯಾಗಿ ಬಳಸಿ ಹೊಡೆಯುತ್ತಾನೆ. ಕಡಿಮೆಯಾದರೆ ಪಕ್ಕದಿಂದ ಜಾರಿ ಹೋಗುತ್ತಾನೆ. ಹಿಮ್ಮುಖವಾಗಿ ಸ್ಕೇಟ್ ಮಾಡುವವನು ಮುಮ್ಮುಖವಾಗಿ ಬರುವವನಿಗಿಂತ ನಿಧಾನ; ಅದಕ್ಕೇ ಅವನು ನಿಂತು ಕಾದರೆ ಕೆಲಸ ಕೆಟ್ಟಿತು. ಮೊದಲು ಎದುರಾಳಿಯ ಕಡೆಗೇ ಹೋಗಿ, ಸರಿಯಾದ ಹೊತ್ತಿಗೆ ತಿರುಗಿ, ಅವನ ವೇಗಕ್ಕೆ ತನ್ನ ವೇಗ ಹೊಂದಿಸಿಕೊಂಡಿರಬೇಕು. ಕಣ್ಣು ಎದೆಯ ಮೇಲೆ, ಸ್ಟಿಕ್ ಪಕ್‌ನ ದಾರಿಯಲ್ಲಿ, ಮೈ ನಡುವಿನ ಕಡೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಲಗಡೆಯಿಂದ ಪೂರ್ತಿ ವೇಗದಲ್ಲಿ ನುಗ್ಗಿದ್ದನ್ನು ನೋಡಿದವರಿಗೆ, ಹಿಂದೆ ಸರಿಯುತ್ತಲೇ ಅಂಥವನ ಎದುರು ಅಂತರ ಕಾಯುವ ಕಷ್ಟ ವಿವರಿಸಬೇಕಿಲ್ಲ.

ಇಬ್ಬರು ಬಂದು ಒಬ್ಬನೇ ಸಿಕ್ಕಿಬಿದ್ದಾಗ ಕೆಲಸ ಹಂಚಿಕೆಯಾಗಿರುತ್ತದೆ: ಹೊಡೆತ ಗೋಲ್‌ಕೀಪರ್‌ದು, ಪಾಸ್ ಡಿಫೆಂಡರ್‌ದು. ಡಿಫೆಂಡರ್ ಇಬ್ಬರ ನಡುವೆ ಉಳಿದು ಅಡ್ಡ ಪಾಸ್ ಹೋಗದಂತೆ ನೋಡಿಕೊಂಡರೆ ಸಾಕು. ಪಕ್ ಹಿಡಿದವನ ಮೇಲೆ ಎಗರಿದರೆ ಇಬ್ಬರೂ ಕೈತಪ್ಪುತ್ತಾರೆ. ಅಡ್ಡ ಮಲಗಿ ಪಾಸ್ ತಡೆಯುವುದು ಕೊನೆಯ ಅಸ್ತ್ರ. ಬೇಗ ಮಲಗಿದರೆ ಎದುರಾಳಿ ಕಾದು ಸುತ್ತಿಕೊಂಡು ಹೋಗುತ್ತಾನೆ.

ಪಕ್ ಎಸೆದು ಬೆನ್ನಟ್ಟುವ ಆಟವನ್ನು ಬಹಳ ಮಂದಿ ಹೇಡಿತನ ಎನ್ನುತ್ತಾರೆ. 2024 ಮತ್ತು 2025ರಲ್ಲಿ ಸತತ ಎರಡು ಕಪ್ ಗೆದ್ದ ಫ್ಲಾರಿಡಾ ಪ್ಯಾಂಥರ್ಸ್ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಎರಡೂ ಸಲ ಎದುರಿಗಿದ್ದದ್ದು ಕಾನರ್ ಮೆಕ್‌ಡೇವಿಡ್ ಅವರ ಎಡ್ಮಂಟನ್. ಪ್ಯಾಂಥರ್ಸ್ ಮೂಲೆಗೆ ಪಕ್ ಹಾಕಿದರೆ ಮೊದಲನೆಯವನು ಪಕ್ ಮುಟ್ಟಿದ ಡಿಫೆಂಡರ್‌ಗೆ ಮೈಕೊಟ್ಟು ಬೀಳುತ್ತಾನೆ, ಎರಡನೆಯವನು ಸಡಿಲವಾದ ಪಕ್ ಎತ್ತಿಕೊಳ್ಳುತ್ತಾನೆ. ಕಪ್ ಗೆದ್ದುಕೊಡುವವನು ಮಾತ್ರ ಮೂರನೆಯವನು. ಅವನು ಮೂಲೆಯ ಜಗಳಕ್ಕೆ ಇಳಿಯುವುದೇ ಇಲ್ಲ. ಫೇಸ್‌ಆಫ್ ವೃತ್ತಗಳ ಮೇಲ್ಗಡೆ, ನಡುವಿನಲ್ಲಿ ನಿಂತು ಪಾಸ್ ಬಂದರೆ ಹೊಡೆಯುತ್ತಾನೆ, ಪಕ್ ಎದುರಾಳಿಯ ಪಾಲಾದರೆ ಎಲ್ಲರಿಗಿಂತ ಮೊದಲು ಹಿಂದೆ ತಿರುಗುತ್ತಾನೆ. ಅವನೂ ಗೋಲಿನ ಆಸೆಗೆ ಕೆಳಗೆ ಇಳಿದ ದಿನ ಎದುರಾಳಿಗೆ ಇಬ್ಬರ ವಿರುದ್ಧ ಮೂವರ ಓಟ ಸಿಗುತ್ತದೆ. ಐಸ್ ಹಾಕಿ ನೋಡುವಾಗ ಪಕ್ ಬಿಟ್ಟು ಈ ಮೂರನೆಯ ಫಾರ್ವರ್ಡ್‌ನನ್ನು ಮಾತ್ರ ಒಂದು ಪೀರಿಯಡ್ (ಪಂದ್ಯದ ಮೂರು ಭಾಗಗಳಲ್ಲಿ ಒಂದು) ಹಿಂಬಾಲಿಸಿ. ತಂಡದ ಶೈಲಿ ತಾನಾಗಿ ತೆರೆದುಕೊಳ್ಳುತ್ತದೆ.

ಬದಲಿ ಆಟಗಾರರ ಲೆಕ್ಕವನ್ನೂ ಮರೆಯಬಾರದು. ಒಂದು ಸರದಿ ಸುಮಾರು 45 ಸೆಕೆಂಡ್. ಎರಡನೆಯ ಪೀರಿಯಡ್‌ನಲ್ಲಿ ತಂಡಗಳು ಬದಿ ಬದಲಿಸುವುದರಿಂದ ಸ್ವಂತ ವಲಯದಿಂದ ಬೆಂಚು ದೂರವಾಗುತ್ತದೆ. ಒಳಗೆ ಸಿಕ್ಕಿಬಿದ್ದ ಐವರು ಹೊರಬರಲಾರದೆ ಒಂದೂವರೆ ನಿಮಿಷ ಕಾಲೆಳೆಯುತ್ತಾರೆ. ಬೆನ್ನಟ್ಟುವ ಶೈಲಿಯ ತಂಡಗಳು ಆ ಪೀರಿಯಡ್‌ನಲ್ಲೇ ಹೆಚ್ಚು ಒತ್ತಡ ಹಾಕುವುದು ಇದಕ್ಕೆ.

2014ರ ಸೋಚಿ ಒಲಿಂಪಿಕ್ಸ್‌ನ ಕೆನಡಾ ತಂಡವನ್ನು ಯಾವ ಪಟ್ಟಿಗೆ ಸೇರಿಸುವುದು? ಆರು ಪಂದ್ಯಗಳಲ್ಲಿ ಬಿಟ್ಟದ್ದು 3 ಗೋಲು, ಹೊಡೆದದ್ದು ಬರೀ 17. ಅಮೆರಿಕವನ್ನು 1-0, ಫೈನಲ್‌ನಲ್ಲಿ ಸ್ವೀಡನ್ನನ್ನು 3-0. ಅಂಕಿ ನೋಡಿದವರು ರಕ್ಷಣಾತ್ಮಕ ಎಂದರು. ಲಾಟ್ವಿಯಾ ವಿರುದ್ಧ 2-1ರಿಂದ ಕಷ್ಟಪಟ್ಟು ಗೆದ್ದ ದಿನ ಕೆನಡಾದ ಹೊಡೆತಗಳು 57, ಎದುರಾಳಿಯದು 16. ಪಕ್ ಸದಾ ಎದುರಾಳಿಯ ವಲಯದಲ್ಲೇ ಇದ್ದರೆ ನಮ್ಮ ಗೋಲ್‌ಕೀಪರ್‌ಗೆ ಕೆಲಸವೇ ಇರುವುದಿಲ್ಲ. ನಾನು ನೋಡಿದ ಅತ್ಯುತ್ತಮ ರಕ್ಷಣೆ ಅದು, ಮತ್ತು ಅದು ಪೂರ್ತಿಯಾಗಿ ದಾಳಿಯಿಂದಲೇ ಆಗಿತ್ತು.

ಇದರಲ್ಲಿ ಪೊನ್ನಂಪೇಟೆಯ ಟರ್ಫ್‌ಗೋ ನಾಪೋಕ್ಲುವಿನ ಮೈದಾನಕ್ಕೋ ತರಬಹುದಾದದ್ದು ಇದೆ. ಓರೆಯಾಗಿ ಬಂದು ಬದಿಗೆ ತಳ್ಳುವ ವಿದ್ಯೆ ಎರಡೂ ಆಟಕ್ಕೆ ಒಂದೇ. ನಮ್ಮಲ್ಲಿ ಗೋಡೆಯ ಬದಲು ಬದಿಗೆರೆ ಇದೆ, ಅದನ್ನು ದಾಟಿದರೆ ಚೆಂಡು ನಮ್ಮದು. ನಮ್ಮೆಯಲ್ಲಿ ಆಡುವ ಒಕ್ಕದ (ಕೊಡವ ಮನೆತನದ) ತಂಡದಲ್ಲಿ ಐವತ್ತರ ಮಾವನೂ ಇರುತ್ತಾರೆ, ಶಾಲೆಗೆ ಹೋಗುವ ಹುಡುಗಿಯೂ ಇರುತ್ತಾಳೆ. ಏಪ್ರಿಲ್ ಬಿಸಿಲಿನಲ್ಲಿ ಅಂಥ ತಂಡ ಎದುರಾಳಿಯ 23 ಮೀಟರ್ ಗೆರೆಯ ತನಕ ಬೆನ್ನಟ್ಟಿ ಆಡಿದರೆ ಕೊನೆಯ ಹೊತ್ತಿಗೆ ಕಾಲು ಸೋಲುತ್ತದೆ. ಅರ್ಧ ಮೈದಾನದ ಬಳಿ ಸಾಲು ಕಟ್ಟಿ, ಒಬ್ಬ ಚುರುಕು ಹುಡುಗನನ್ನು ಮುಂದೆ ಬಿಟ್ಟು ಚೆಂಡನ್ನು ಒಂದೇ ಬದಿಗೆ ತಿರುಗಿಸಿ, ಅಲ್ಲಿ ಇಬ್ಬರು ಸೇರಿ ಕಿತ್ತುಕೊಳ್ಳುವುದು ಅವರಿಗೆ ಹೊಂದುತ್ತದೆ. ಒಂದು ಎಚ್ಚರಿಕೆ: ನಮ್ಮಲ್ಲಿ ಆಫ್‌ಸೈಡ್ ಇಲ್ಲ. ಎದುರಾಳಿ ಒಬ್ಬನನ್ನು ಡಿ ಬಳಿ ನಿಲ್ಲಿಸಿದರೆ ಅವನ ಜೊತೆ ಒಬ್ಬ ಬ್ಯಾಕ್ ಹಿಂದೆಯೇ ಉಳಿಯಬೇಕು. ಇಲ್ಲದಿದ್ದರೆ ಗಾಳಿಯಲ್ಲಿ ಎತ್ತಿ ಹೊಡೆದ ಒಂದು ಏರಿಯಲ್ ಚೆಂಡು ಇಡೀ ಸಾಲನ್ನು ದಾಟಿಬಿಡುತ್ತದೆ.

ಐಸ್ ಹಾಕಿಯ ಅತ್ಯಂತ ದೊಡ್ಡ ಪಣ ಪಂದ್ಯದ ಕೊನೆಗೆ ಕಾಣುತ್ತದೆ. ಒಂದು ಗೋಲಿನಿಂದ ಹಿಂದಿರುವ ತಂಡ ಗೋಲ್‌ಕೀಪರ್‌ನನ್ನೇ ಬೆಂಚಿಗೆ ಕರೆಸಿ ಆರನೆಯ ದಾಳಿಕೋರನನ್ನು ಇಳಿಸುತ್ತದೆ. ಹಿಂದೆ ಇದನ್ನು ಕೊನೆಯ ಒಂದು ನಿಮಿಷಕ್ಕೆ ಇಟ್ಟುಕೊಳ್ಳುತ್ತಿದ್ದರು. 2013-14ರಲ್ಲಿ ಕೊಲರಾಡೊ ಕೋಚ್ ಆಗಿದ್ದ ಪ್ಯಾಟ್ರಿಕ್ ರ್ವಾ, ಸ್ವತಃ ಮಹಾನ್ ಗೋಲ್‌ಕೀಪರ್ ಆಗಿದ್ದವರು, ಎರಡು ಮೂರು ನಿಮಿಷ ಉಳಿದಿರುವಾಗಲೇ ಗೋಲು ಖಾಲಿ ಬಿಡತೊಡಗಿದರು. ಒಂದರಿಂದ ಸೋತರೂ ಎರಡರಿಂದ ಸೋತರೂ ಅಂಕ ಸೊನ್ನೆಯೇ, ಸಮ ಮಾಡಿದರೆ ಮಾತ್ರ ಏನಾದರೂ ಸಿಗುತ್ತದೆ ಎಂಬುದು ಲೆಕ್ಕ. ಈಗ ಬಹುತೇಕ ಕೋಚ್‌ಗಳು ಹಾಗೆಯೇ ಮಾಡುತ್ತಾರೆ. ಆ ಎರಡು ನಿಮಿಷಗಳಲ್ಲಿ ಮುಂದಿರುವ ತಂಡದ ಡಿಫೆಂಡರ್ ಮಾಡುವ ಅತಿ ಸಾಮಾನ್ಯ ತಪ್ಪು ದೂರದ ಖಾಲಿ ಗೋಲಿಗೆ ಗುರಿಯಿಡುವುದು. ಕೆಂಪು ಗೆರೆಯ ಹಿಂದಿನಿಂದ ಹೊಡೆದು ಗುರಿ ತಪ್ಪಿದರೆ ಐಸಿಂಗ್. ಸುಸ್ತಾದ ಅದೇ ಐವರು, ಬದಲಿಯಿಲ್ಲದೆ, ತಮ್ಮ ಗೋಲಿನ ಮುಂದೆ ಆರು ಜನರ ಎದುರು ಮತ್ತೊಂದು ಫೇಸ್‌ಆಫ್‌ಗೆ ನಿಲ್ಲಬೇಕು. ಪಕ್ ಅನ್ನು ಗೋಡೆಯ ಉದ್ದಕ್ಕೂ ಸ್ವಂತ ನೀಲಿ ಗೆರೆ ದಾಟಿಸಿ ನಡುವಲಯಕ್ಕೆ ಜಾರಿಸಿದರೆ ಆರೂ ಮಂದಿ ಹೊರಗೆ ಬಂದು ಮೊದಲಿನಿಂದ ಶುರುಮಾಡಬೇಕಾಗುತ್ತದೆ, ಅದರಲ್ಲೇ ಹದಿನೈದು ಸೆಕೆಂಡ್ ಹೋಗಿರುತ್ತದೆ.